ತೆರೆಯದ ಅಳತೆ

ಆಳಂದ, ಶುಕ್ರವಾರ

ಗುರುಲಿಂಗಣ್ಣನವರಿಗೆ ಸಲಾಮ್.

ನೀವು ಮಾಡಿಕೊಟ್ಟಿದ್ದ, ನಮ್ಮ ಟೇಲರ್ ಅಂಗಡಿಯ ಅಳತೆಗಳ ಡೇಟಾಬೇಸ್ ಫೈಲು ತೆರೆಯುತ್ತಿಲ್ಲ. ಪೆನ್‌ಡ್ರೈವಿಗೆ ಹಾಕಿ ಕಳಿಸಿದ್ದೇನೆ. ಕರೆಂಟು ಹೋದಾಗ ಕೆಟ್ಟಿದ್ದು; ನಾನೇನೂ ಒತ್ತಿಲ್ಲ.

ಫೋನಿನಲ್ಲಿ ನೀವು, "ಬಿಡ್ರಿ ಭಾಭಿ, ಗಿರಾಕಿ ಬಂದಂಗ ಹೊಸದಾಗಿ ಅಳತಿ ತಗೋರಿ" ಎಂದಿರಿ. ಗಿರಾಕಿಗಳದ್ದು ತೆಗೆದುಕೊಳ್ಳುತ್ತೇನೆ, ಅದನ್ನು ನೀವು ಹೇಳಿಕೊಡಬೇಕಿಲ್ಲ.

ರಂಜಾನ್ ಹಬ್ಬಕ್ಕೆ ನಾನು ಮೊದಲು ಕತ್ತರಿಸುವುದು ಯಾವತ್ತೂ ನಮ್ಮವರ ಕುರ್ತಾ, ಆಮೇಲೆ ಊರಿನವರದು. ಅವರು ತೀರಿಕೊಂಡ ಮೇಲೆ, ನಲವತ್ತನೆಯ ದಿನದ ಫಾತೇಹಾದಂದು, ಅವರ ಬಟ್ಟೆಗಳನ್ನೆಲ್ಲ ಬಡವರಿಗೆ ಕೊಟ್ಟುಬಿಟ್ಟೆ. ಅಳೆದು ನೋಡಲು ಮನೆಯಲ್ಲಿ ಒಂದು ಅಂಗಿಯೂ ಉಳಿದಿಲ್ಲ.

ಇಡೀ ಫೈಲು ಬೇಡ. ನಮ್ಮವರದು, ರಸೂಲ ಎಂಬ ಹೆಸರಿನ ಒಂದು ಸಾಲು ಸಿಕ್ಕರೆ ಸಾಕು. ಬಟ್ಟೆ ತಂದು ಮೇಜಿನ ಮೇಲೆ ಹಾಸಿದ್ದೇನೆ. ಭುಜ ಎಷ್ಟಿತ್ತೆಂದು ನೆನಪಾಗುತ್ತಿಲ್ಲ.

ನಿಮ್ಮ ಭಾಭಿ,
ಗುಲನಾಜ