ಎರಡನೇ ನಗು

ನಿರ್ದೇಶಕರಾದ ಕೇದಾರನಾಥರಿಗೆ, ನಾಗಪುರದ ಕಳಮನಾ ಬಡಾವಣೆಯಿಂದ ಚನ್ನವೀರನ ನಮಸ್ಕಾರಗಳು.

ನಿನ್ನೆಯ ನಾಟಕದ ಪ್ರಯೋಗ ಮುಗಿದಾಗಿನಿಂದ ನನ್ನ ಮೊಣಕಾಲು ಬಾತಿದೆ. ತಪ್ಪು ನಿಮ್ಮದು. ಹೆಂಡತಿಗೆ ಹೆದರಿದ ಗಂಡ ಕಿಟಕಿಯಿಂದ ಹಾರಲು ಒಂದು ಕಾಲೆತ್ತಿ, ಜನ ನಕ್ಕು ಮುಗಿಸುವವರೆಗೂ ಹಾಗೆಯೇ ನಿಲ್ಲಬೇಕು ಎಂದಿರಿ. ಒಪ್ಪಿಕೊಂಡೆ. ಆದರೆ ನಾಗಪುರದಲ್ಲಿ ಕನ್ನಡ ಪ್ರಹಸನಕ್ಕೆ ಜನ ಎರಡು ಸಲ ನಗುತ್ತಾರೆ ಎಂಬುದನ್ನು ನೀವು ಲೆಕ್ಕಕ್ಕೇ ಹಿಡಿಯಲಿಲ್ಲ. ಮೊದಲು ಕನ್ನಡ ಬಲ್ಲವರು ನಗುತ್ತಾರೆ. ಆಮೇಲೆ ಅವರು ಪಕ್ಕದಲ್ಲಿ ಕುಳಿತ ಮರಾಠಿ ಸೊಸೆಗೋ ಹಿಂದಿ ಅಳಿಯನಿಗೋ ಮಾತನ್ನು ಬಿಡಿಸಿ ಹೇಳುತ್ತಾರೆ. ಆಗ ಇವರು ನಗುತ್ತಾರೆ. ಅಷ್ಟು ಹೊತ್ತೂ ಅರವತ್ತೆರಡು ವರ್ಷದ ನಾನು ಕೊಕ್ಕರೆಯಂತೆ ನಿಂತಿರಬೇಕು. ಸ್ವಲ್ಪ ಕಾಲಿಳಿಸಿದರೆ ಪರದೆಯ ಹಿಂದಿನಿಂದ ನೀವು, "ಕಾಲು ಮ್ಯಾಲೇ ಇರ್ಲಿ ಕಾಕಾ, ಇನ್ನೂ ನಗಾಕತ್ತಾರ" ಎನ್ನುತ್ತೀರಿ.

ಆ ಕಾಲೆತ್ತುವುದನ್ನೇ ತೆಗೆಯಿರಿ ಎಂದು ಬರೆಯಲು ಕುಳಿತಿದ್ದೆ.

ಆದರೆ ಪ್ರೇಕ್ಷಕರ ಮೂರನೇ ಸಾಲಿನಲ್ಲಿ ನನ್ನ ಹೆಂಡತಿ ದಾಕ್ಷಾಯಿಣಿಯೂ ಕನ್ನಡ ಬಾರದ ಮರಾಠಿ ಸೊಸೆ ಶೀತಲ್‌ಳೂ ಇದ್ದರು. ದೀಪಾವಳಿಯಿಂದ ಅವರಿಬ್ಬರ ನಡುವೆ ಮಾತಿಲ್ಲ. ಉಪ್ಪು ಬೇಕಾದರೂ ನನ್ನ ಮೂಲಕ ಕೇಳುತ್ತಾರೆ. ನಿನ್ನೆ ನಾನು ಕಾಲೆತ್ತಿ ನಿಂತಿದ್ದಾಗ ದಾಕ್ಷಾಯಿಣಿ ಸೊಸೆಯ ಕಿವಿಗೆ ಬಾಗಿ ಏನೋ ಹೇಳಿದಳು. ಶೀತಲ್ ಎಲ್ಲರಿಗಿಂತ ತಡವಾಗಿ ನಕ್ಕಳು.

ಭಾನುವಾರದ ಪ್ರಯೋಗಕ್ಕೂ ಇಬ್ಬರೂ ಬರುತ್ತಾರಂತೆ. ಆದ್ದರಿಂದ ಕಾಲು ಇರಲಿ. ಹಿಡಿದು ನಿಲ್ಲಲು ಕಿಟಕಿಗೊಂದು ಗಟ್ಟಿ ಸರಳು ಹಾಕಿಸಿ. ಮತ್ತೆ, ಆ ಜಾಗದಲ್ಲಿ ಇನ್ನೂ ಎರಡು ಮಾತು ಸೇರಿಸಿ, ಬಿಡಿಸಿ ಹೇಳಲು ಬಹಳ ಹೊತ್ತು ಹಿಡಿಯುವಂಥವು.

ಬಾವೂ ಸಿಟ್ಟೂ ಇನ್ನೂ ಇಳಿಯದ,
ಚನ್ನವೀರ