ಎಂಜಿನ್ನಿನ ಮೊದಲ ಸದ್ದಿನ ಕುರಿತು ವಿನಂತಿ

ತಂಗಿಯ ಮನೆಯಲ್ಲಿ ಬೀಡುಬಿಟ್ಟಿರುವ ನನ್ನ ಮನೆಯವರ ಸಮ್ಮುಖಕ್ಕೆ,

ಮಾನ್ಯರೇ,

ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ನಮ್ಮ ಕಾರಿನ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಹೊಸದಾಗಿ ಜೋಡಿಸಿ ಕೂರಿಸಲಾಗಿದೆ. ಎಣ್ಣೆ ಸೋರದಂತೆ ಹಚ್ಚಿದ ಅಂಟು ಒಣಗುವವರೆಗೆ ಕೀಲಿ ಮುಟ್ಟಕೂಡದೆಂದು ಮೆಕ್ಯಾನಿಕ್ ಹೇಳಿದ್ದರು. ಅದು ಒಣಗಿಯೂ ಆಯಿತು. ಆದರೂ ನಾನು ಚಾಲೂ ಮಾಡಿಲ್ಲ. ಬಾನೆಟ್ ಎತ್ತುತ್ತೇನೆ, ಮುಚ್ಚುತ್ತೇನೆ. ಕೀಲಿ ಹಾಕುತ್ತೇನೆ, ತೆಗೆಯುತ್ತೇನೆ. ಮನೆಯೊಳಗೆ ಕಾಲು ನಿಲ್ಲುತ್ತಿಲ್ಲ.

ಇಂದು ಮೆಕ್ಯಾನಿಕ್ ಗದರಿದರು: "ಇನ್ನೂ ಹೀಗೇ ನಿಲ್ಲಿಸಿದ್ರೆ ಒಳಗಿನ ಎಣ್ಣೆಯೆಲ್ಲ ಕೆಳಗಿಳಿಯುತ್ತೆ ಯಜಮಾನ್ರೇ! ಚಾಲೂ ಮಾಡಿ. ಟಕಟಕ ಅಂತ ಸದ್ದು ಬಂದ್ರೆ ತಕ್ಷಣ ಆಫ್ ಮಾಡ್ಬೇಕು, ಇಲ್ಲಾಂದ್ರೆ ಎಂಜಿನ್ ಕಥೆ ಮುಗೀತು. ಕೇಳಿಸ್ತಾ?"

ಎರಡನೆಯ ಸಲ ಕೂಗಿದಾಗ ಕೇಳಿಸಿತು.

ಪಕ್ಕದ ಸೀಟಿನಲ್ಲಿ ಕುಳಿತು, "ರೀ, ಏನೋ ಸದ್ದು ಬರ್ತಿದೆ" ಎಂದು ಎಲ್ಲ ಮೆಕ್ಯಾನಿಕ್‌ಗಳಿಗಿಂತ ಮೊದಲೇ ಹೇಳುತ್ತಿದ್ದವರು ತಾವು. "ಗೋಡೆ ಜೊತೆ ಮಾತಾಡಿ ಮಾತಾಡಿ ಸಾಕಾಗಿದೆ ನಂಗೆ" ಎಂದು ತಾವು ಹೊರಟುಹೋದ ವಿಷಯವನ್ನು ಈ ಅರ್ಜಿಯಲ್ಲಿ ಚರ್ಚಿಸುವ ಉದ್ದೇಶವಿಲ್ಲ.

ಆದಕಾರಣ ತಾವು ಬೇಗನೆ ಬಂದು, ಮೊದಲ ಸದ್ದಿನ ಹೊತ್ತಿಗೆ ಪಕ್ಕದಲ್ಲಿ ಕೂರಬೇಕಾಗಿ ಕೋರಿಕೆ. ಅಲ್ಲಿಯವರೆಗೆ ಇರಲೆಂದು ಕೀಲಿಯನ್ನು ಈಗಷ್ಟೇ ನೆರೆಮನೆಯವರ ವಶಕ್ಕೆ ಕೊಟ್ಟಿದ್ದೇನೆ. ನನ್ನ ಕೈಯನ್ನು ನಾನೇ ನಂಬಲಾರೆ. ಬರುವಾಗ, ತಾವು ಕೊಡಿಸಿದ, ನಾನು ಪೆಟ್ಟಿಗೆಯಿಂದ ತೆಗೆಯದ ಆ ಕಿವಿಯ ಯಂತ್ರಕ್ಕೆ ಬ್ಯಾಟರಿ ತರತಕ್ಕದ್ದು.

ಉತ್ತರವನ್ನು ಫೋನಿನಲ್ಲಿ ಹೇಳುವುದು ಬೇಡ. ಬರೆದು ತಿಳಿಸಿ, ಇಲ್ಲವೇ ಬಂದುಬಿಡಿ.

ತಮ್ಮ ದಾರಿ ಕಾಯುತ್ತಿರುವ,
ಗೋಡೆ