ಡ್ರೈವರ್ ಸೀಟಿನ ತೂಕ

ಸದಾಶಿವನಗರ, ತುಮಕೂರು

ಮೆಕ್ಯಾನಿಕ್ ರಂಗಣ್ಣನವರಿಗೆ ಕೋಮಲಾ ಮಾಡುವ ನಮಸ್ಕಾರ.

ಕಾರನ್ನು ನನ್ನ ತಮ್ಮನ ಕೈಲಿ ನಿಮ್ಮ ಗುಬ್ಬಿ ಗ್ಯಾರೇಜಿಗೆ ಕಳಿಸಿದ್ದೇನೆ. ಫೋನಿನಲ್ಲಿ ಹೇಳಲಾಗದ್ದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ.

ತಿರುವಿನಲ್ಲಿ ಕಾರು ವಾಲಬಾರದೆಂದು ಹೋದ ವರ್ಷ ನಮ್ಮ ಯಜಮಾನರು ನಿಮ್ಮಲ್ಲಿ ಅದರಡಿಗೆ ಹೊಸ ಸ್ವೇ ಬಾರ್ ಸರಳು ಹಾಕಿಸಿದರು. ಕೊನೆಯ ನಟ್ಟು ಬಿಗಿಯುವಾಗ ಓಡಿಸುವವರ ತೂಕ ಸೀಟಿನ ಮೇಲಿರಬೇಕೆಂದು ನೀವು ಅವರನ್ನೇ ಕೂರಿಸಿದಿರಿ. ತೊಂಬತ್ತೆರಡು ಕೆ.ಜಿ. ಕೆಲಸ ಮುಗಿದ ಮೇಲೆ ನೀವು "ಆಯ್ತು, ಇಳ್ಕಳಿ ಭೀಮಣ್ಣ" ಅಂದರೂ ಅವರು ಸ್ಟಿಯರಿಂಗ್ ಹಿಡಿದು ನಗುತ್ತಾ ಕೂತೇ ಇದ್ದರು.

ಅವರು ತೀರಿಕೊಂಡು ಐದು ತಿಂಗಳಾಯಿತು. ಈಗ ಕಾರು ಓಡಿಸುವವಳು ನಾನು, ನಲವತ್ತೆಂಟು ಕೆ.ಜಿ. ಬಾರ್ ಮಾತ್ರ ಇನ್ನೂ ಅವರ ತೂಕಕ್ಕೇ ಬಿಗಿದಿದೆ. ಕುಣಿಗಲ್ ರಸ್ತೆಯಲ್ಲಿ ಎಡಕ್ಕೆ ತಿರುಗಿಸಿದರೆ ಒಂದು ಥರ, ಬಲಕ್ಕೆ ಇನ್ನೊಂದು ಥರ ಆಗುತ್ತದೆ, ಯಾರೋ ನನ್ನ ಮೇಲೆ ಒರಗಿದ ಹಾಗೆ. ಇಷ್ಟು ದಿನ ಬೇಕೆಂದೇ ಹಾಗೆ ಬಿಟ್ಟಿದ್ದೆ. ಮೊನ್ನೆ ಹೆಬ್ಬೂರಿನ ಹತ್ತಿರ ತಿರುವಿನಲ್ಲಿ ಕಾರು ರಸ್ತೆ ಬಿಟ್ಟು ಮಣ್ಣಿಗಿಳಿಯಿತು. ಹಿಂದಿನ ಸೀಟಿನಲ್ಲಿ ಮಗಳು ಇದ್ದಳು.

ಆದ್ದರಿಂದ ಆ ನಟ್ಟು ಬಿಚ್ಚಿ ನನ್ನ ತೂಕಕ್ಕೆ ಸರಿಮಾಡಿ. ಅದನ್ನು ಬಿಚ್ಚುವಾಗ ನಾನು ಅಲ್ಲಿ ಕೂತಿರಲಾರೆ. ಡಿಕ್ಕಿಯಲ್ಲಿ ನಲವತ್ತೆಂಟು ಕೆ.ಜಿ.ಯ ರಾಗಿ ಮೂಟೆ ಇದೆ, ಮಿಲ್ಲಿನಲ್ಲಿ ತೂಗಿಸಿದ್ದು. ನನ್ನ ಬದಲು ಅದನ್ನು ಸೀಟಿನ ಮೇಲಿಡಿ.

ಮೂಟೆ ಇಡುವ ಮೊದಲು ಬಾಗಿಲು ತೆರೆದು, ಅವತ್ತಿನ ಹಾಗೆಯೇ ಒಂದು ಸಲ "ಇಳ್ಕಳಿ ಭೀಮಣ್ಣ" ಅನ್ನಿ. ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ.

ಇಂತಿ,
ಕೋಮಲಾ ಭೀಮರಾಜ್